ಕೇಳದೆ ಓದಿಸಿದ ಫಾತಿಹಾ

ಐರಣಿಯಿಂದ ಫೋನು ಬಂದಾಗ ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ದನಿ ಪರಿಚಯದ್ದಲ್ಲ.

"ಬ್ಯಾಡಗಿ ಮಾಸ್ತರ್ರ ಏನ್ರಿ? ನಮ್ಮ ಕಾಕಾ ತೀರಿಕೊಂಡ್ರು. ಅವರ ಡೈರಿಯೊಳಗ ನಿಮ್ಮ ನಂಬರ್ ಒಂದ ಇತ್ತು, ಅದಕ್ಕ ಮಾಡಿದೆ."

ತೀರಿಕೊಂಡು ಮೂರು ದಿನವಾಗಿತ್ತು. ಮಣ್ಣೂ ಮುಗಿದಿತ್ತು. "ಅವರ ಚರ್ಚಿನವರು ಯಾರು, ಎಲ್ಲಿರತಾರ, ನಮಗ ಒಂದೂ ಗೊತ್ತಿದ್ದಿಲ್ರಿ. ನಮ್ಮ ಪದ್ಧತಿ ಪ್ರಕಾರ ವಿಭೂತಿ ಹಚ್ಚಿ ಮಣ್ಣು ಮಾಡಿದ್ವಿ. ತಪ್ಪಾತೇನ್ರಿ?" ಎಂದು ತೀರಿಕೊಂಡವರ ಅಣ್ಣನ ಮಗ ಕೇಳಿದ. ತಪ್ಪೇನಿಲ್ಲಪ್ಪ ಎಂದೆ. ಆ ಪ್ರಶ್ನೆಗೆ ಉತ್ತರ ಕೊಡುವ ಯೋಗ್ಯತೆ ಊರಲ್ಲಿ ಯಾರಿಗಾದರೂ ಇದ್ದೀತು, ನನಗಿರಲಿಲ್ಲ. ಅದು ಯಾಕೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರನ್ನು ಬರೆಯುವುದಿಲ್ಲ. ನಮ್ಮ ಓಣಿಯೂ ಅವರನ್ನು ಹೆಸರಿನಿಂದ ಕರೆದದ್ದಿಲ್ಲ, 'ಫಾದರ್' ಎಂದೇ ಕರೆಯುತ್ತಿತ್ತು. "ನಾ ಫಾದರ್ ಅಲ್ರಿ, ಪಾಸ್ಟರ್. ನನಗ ಹೇಂತಿ ಅದಾಳ" ಎಂದು ಮೊದಲ ವರ್ಷ ಕಂಡಕಂಡವರನ್ನೆಲ್ಲ ತಿದ್ದಿದರು. ಓಣಿ ಜಗ್ಗಲಿಲ್ಲ. ಆಮೇಲೆ ಅವರೇ ಕೈಬಿಟ್ಟರು. ನಾನೊಬ್ಬನೇ ಅವರನ್ನು ಪಾಸ್ಟರ್ ಎನ್ನುತ್ತಿದ್ದೆ, ಅದಕ್ಕೆ ನನ್ನ ಮೇಲೆ ಅವರಿಗೆ ಸ್ವಲ್ಪ ಹೆಚ್ಚೇ ಪ್ರೀತಿ.

ನಮ್ಮದು ನದಾಫರ ಮನೆ. ಅಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಅವನು ಹೋದಮೇಲೆ ಮನೆಯಲ್ಲಿ ನಾನು, ನನ್ನ ಹೆಂಡತಿ ಮತ್ತು ಅವ್ವ. ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಪಾಸ್ಟರರು ಆ ಮನೆಯನ್ನು ಬಾಡಿಗೆಗೆ ಹಿಡಿದು, ಮುಂದಿನ ಪಡಸಾಲೆಯಲ್ಲಿ ಪ್ರಾರ್ಥನೆಯ ಸಭೆ ನಡೆಸತೊಡಗಿದರು. ಅವರ ಸಂಘದ ದೊಡ್ಡ ಸಭೆ ಇದ್ದದ್ದು ರಾಣೆಬೆನ್ನೂರಿನಲ್ಲಿ. ಬ್ಯಾಡಗಿಯದು ಅದರ ಮರಿ. ಗುತ್ತಲದ ಕಡೆಯಿಂದ ಎರಡು ಮನೆಯವರು, ಕಾಗಿನೆಲೆ ರಸ್ತೆಯ ಕಡೆಯಿಂದ ಮೂರು ಮನೆಯವರು ಬರುತ್ತಿದ್ದರು. ಹತ್ತು ಹದಿನೈದು ಜನ ಆದರೆ ಅವರ ಮುಖ ಅರಳುತ್ತಿತ್ತು.

ಮನೆಗೆ ಸಾಮಾನು ಇಳಿಸಿದ ಮರುದಿನವೇ ನಮ್ಮ ಬಾಗಿಲಿಗೆ ಬಂದರು. ಎತ್ತರದ ಆಳು, ಬಾಗಿಲ ಚೌಕಟ್ಟಿಗೆ ತಲೆ ಬಡಿದೀತೆಂದು ಎಲ್ಲಿ ಹೋದರೂ ಬಗ್ಗಿಯೇ ನಿಲ್ಲುವ ರೂಢಿ. ಬಯಲಲ್ಲಿ ನಿಂತಾಗಲೂ ಹಾಗೇ ಸ್ವಲ್ಪ ಬಗ್ಗಿರುತ್ತಿದ್ದರು.

"ಭಾನುವಾರ ನಾವು ಹಾಡ್ತೀವ್ರಿ, ಢೋಲಕ್ ಬಾರಸ್ತೀವಿ. ನಿಮ್ಮ ನಮಾಜಿನ ಹೊತ್ತು ಒಂದ ಚೀಟಿಯೊಳಗ ಬರದು ಕೊಡ್ರಿ" ಎಂದರು.

ಬರೆದು ಕೊಟ್ಟೆ. ಪಡಸಾಲೆಯ ಬಾಗಿಲ ಹಿಂದೆ ಅದನ್ನು ಅಂಟಿಸಿದರು. ಹೊತ್ತು ಋತುವಿಗೆ ತಕ್ಕಂತೆ ಬದಲಾಗುತ್ತದೆ ಎಂದು ಗೊತ್ತಾದಮೇಲೆ ಎರಡು ಮೂರು ತಿಂಗಳಿಗೊಮ್ಮೆ ಹೊಸ ಚೀಟಿ ಕೇಳಲು ಬರುತ್ತಿದ್ದರು. ಭಾನುವಾರ ಮಧ್ಯಾಹ್ನದ ಆಜಾನ್ ಕೇಳಿತೆಂದರೆ ಹಾಡು ಎಲ್ಲಿದ್ದರೂ ಅಲ್ಲಿಗೇ ನಿಲ್ಲುತ್ತಿತ್ತು. ಆಜಾನ್ ಮುಗಿದ ಮೇಲೆ ಅದೇ ಸಾಲಿನಿಂದ ಮತ್ತೆ ಶುರು. ನಮ್ಮ ಅವ್ವನಿಗೆ ಇದು ಭಾಳ ಹಿಡಿಸಿತು.

ಹಿಡಿಸಿತೆಂದು ಸುಮ್ಮನಿರುವ ಹೆಂಗಸಲ್ಲ ಅವಳು. ಒಂದು ದಿನ ಕಟ್ಟೆಯ ಮೇಲೆ ಕೂತು ನೇರವಾಗಿಯೇ ಕೇಳಿದಳು. "ತಮ್ಮಾ, ಖರೇ ಹೇಳು. ನಮ್ಮನ್ನೆಲ್ಲ ಕಿರಸ್ತಾನ್ರನ್ನ ಮಾಡಾಕ ಬಂದೀಯೇನು?"

ನನಗೆ ಮುಜುಗರವಾಗಿ ಒಳಗೆ ಎದ್ದುಹೋಗೋಣವೆನಿಸಿತು. ಅವರು ನಕ್ಕರು. "ನೀವಾದ್ರ ನನಗ ಸಂತೋಷ ಆಗತೈತಿ ಯವ್ವ. ಇಲ್ಲ ಅಂದ್ರ ಸುಳ್ಳಾಗತೈತಿ. ಆದ್ರ ನೀವು ಕೇಳದ ನಾ ಆ ಮಾತು ತಗಿಯೂದಿಲ್ಲ."

"ನೀ ಕಲ್ಮಾ ಓದಿದ್ರ ನನಗೂ ಸಂತೋಷ ಆಗತೈತಿ ನೋಡು" ಎಂದಳು ಅವ್ವ. "ನಾನೂ ನೀ ಕೇಳದ ಹೇಳೂದಿಲ್ಲ."

ಅಲ್ಲಿಗೆ ಕರಾರಾಯಿತು. ಆಮೇಲೆ ಇಬ್ಬರೂ ಮೆಣಸಿನಕಾಯಿಯ ಘಾಟಿನ ಬಗ್ಗೆ, ಮಂಡಿನೋವಿನ ಬಗ್ಗೆ ತಾಸುಗಟ್ಟಲೆ ಮಾತಾಡಿದರು. ಇಬ್ಬರೂ ಮನಸ್ಸಿನಲ್ಲಿ ಇನ್ನೊಬ್ಬರು ತಮ್ಮ ಕಡೆ ಬರಲಿ ಎಂದುಕೊಂಡಿದ್ದರು, ಇಬ್ಬರಿಗೂ ಅದು ಗೊತ್ತಿತ್ತು. ಮುಚ್ಚುಮರೆ ಇಲ್ಲದ್ದರಿಂದ ಇಬ್ಬರೂ ಹಗುರಾಗಿದ್ದರು.

ಅವರು ಬಂದ ಮೊದಲ ಬಕ್ರೀದಿಗೆ ಅವ್ವ ಒಂದು ಬೋಗುಣಿ ತುಂಬ ಖುರ್ಬಾನಿಯ ಮಾಂಸ ಕಳಿಸಿದಳು. ಪಾಸ್ಟರರ ಹೆಂಡತಿ ಎರಡೂ ಕೈಯಿಂದ ತೆಗೆದುಕೊಂಡರು. ಸಂಜೆ ಪಾಸ್ಟರರು ಅದೇ ಬೋಗುಣಿ ಹಿಡಿದು ನಮ್ಮ ಹೊಸ್ತಿಲ ಮುಂದೆ ನಿಂತಿದ್ದರು. ತುಂಬಿದ್ದು ತುಂಬಿದ ಹಾಗೇ ಇತ್ತು.

"ಬಲಿ ಕೊಟ್ಟ ಮಾಂಸ ನಾವು ತಿನ್ನೂದಿಲ್ರಿ. ಸುಮ್ಮನ ತಗೊಂಡು ಬ್ಯಾರೆ ಯಾರಿಗರ ಕೊಟ್ಟಿದ್ರ ನಿಮಗ ಗೊತ್ತಾಗತಿದ್ದಿಲ್ಲ. ಆದ್ರ ನಾಳೆ ನಿಮ್ಮ ತಾಯಿ 'ಹೆಂಗಿತ್ತು ತಮ್ಮಾ' ಅಂತ ಕೇಳಿದ್ರ ನಾ ಏನ್ ಹೇಳ್ಲಿ?"

ಹಬ್ಬದ ದಿನ ಕೊಟ್ಟದ್ದು ತಿರುಗಿ ಬಂತೆಂದು ಅವ್ವ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದಳು. ಮೂರನೆಯ ದಿನ, "ಹೊಟ್ಯಾಗ ಒಂದು ಬಾಯಾಗ ಒಂದು ಇಲ್ಲ ಅವನಿಗೆ" ಎಂದಳು. ಮರುವರ್ಷದಿಂದ ಬಕ್ರೀದಿನ ಹಿಂದಿನ ದಿನ ನಾನು ಪೇಟೆಯ ಅಂಗಡಿಯಿಂದ ಅರ್ಧ ಕಿಲೋ ಬೇರೆ ತರಬೇಕು, ಅವಳು ಅದನ್ನು ಬೇರೆ ಪಾತ್ರೆಯಲ್ಲಿ ಬೇಯಿಸಬೇಕು. "ಇದು ಅಂಗಡೀದು, ಬಲೀದಲ್ಲ, ಉಣ್ಣು" ಎಂದು ಗೋಡೆಯಾಚೆಗೆ ಕೂಗಿ ಹೇಳಬೇಕು. ಅವರ ಹೆಂಡತಿಯೂ ಹಾಗೇ. ರಂಜಾನ್ ತಿಂಗಳಲ್ಲಿ ಹಗಲು ಒಗ್ಗರಣೆ ಹಾಕುತ್ತಿರಲಿಲ್ಲ. ಕ್ರಿಸ್‌ಮಸ್ಸಿಗೆ ಕೇಕು ತಂದು ಕೊಡುವಾಗ, "ಇದರಾಗ ಸೆರೆ ಗಿರೆ ಹಾಕಿಲ್ರಿ, ನಾವೂ ಮುಟ್ಟೂದಿಲ್ಲ" ಎಂದು ಹೇಳಿಯೇ ಕೊಡುತ್ತಿದ್ದರು. ನಾವು ಅವರನ್ನು ಅಕ್ಕಾರು ಎನ್ನುತ್ತಿದ್ದೆವು. ಸಣ್ಣ ಆಳು, ದೊಡ್ಡ ದನಿ. ಗಂಡ ಹಾಡಿನಲ್ಲಿ ತಾಳ ತಪ್ಪಿದರೆ ಎಲ್ಲರೆದುರೇ ನಿಲ್ಲಿಸಿ ಮೊದಲಿನಿಂದ ಹಾಡಿಸುತ್ತಿದ್ದರು. ಮಕ್ಕಳಿರಲಿಲ್ಲ.

ಒಮ್ಮೆ ಅವ್ವ ಜ್ವರದಲ್ಲಿ ಮಲಗಿದ್ದಾಗ ತಾನೇ ಅವರನ್ನು ಕರೆಸಿ, ನನ್ನ ಸಲುವಾಗಿ ಬೇಡಿಕೋ ಎಂದಳು. ಅವರು ಮೊದಲು ಹೊರಗೆ ಬಂದು ನನ್ನನ್ನು ಕೇಳಿದರು. "ಮಾಸ್ತರ್ರ, ನಿಮ್ಮ ಒಪ್ಪಿಗಿ ಐತೇನ್ರಿ? ಜ್ವರದಾಗ ಇರೋ ಮನುಷ್ಯಾರ ಮಾತು ಹಿಡಕೊಂಡು ನಾ ಒಳಗ ಹೋಗಬಾರದು." ಹೂಂ ಎಂದೆ. ಹೋಗಿ, ಕಣ್ಣು ಮುಚ್ಚಿ, ಎರಡೇ ನಿಮಿಷ ಪ್ರಾರ್ಥನೆ ಮಾಡಿದರು. "ಯಾರ ಹೆಸರೀಲೆ ಬೇಡಿಕೊಂಡಿ?" ಎಂದಳು ಅವ್ವ. "ಯೇಸುವಿನ ಹೆಸರೀಲೇರಿ, ನನಗ ಬ್ಯಾರೆ ಹೆಸರು ಗೊತ್ತಿಲ್ಲ." "ಆಗಲಿ ಬಿಡು, ಈಸಾ ನಮಗೂ ಪೈಗಂಬರನ" ಎಂದು ಅವಳು ಮಗ್ಗುಲಾದಳು. ಹೀಗೆ ಕೇಳಿ ಹೆಜ್ಜೆ ಇಡುವ ಮನುಷ್ಯ ಅವರು.

ಅಕ್ಕಾರು ತೀರಿಕೊಂಡದ್ದು ಒಂದು ಬುಧವಾರ ಬೆಳಿಗ್ಗೆ, ಪಾತ್ರೆ ತಿಕ್ಕುತ್ತ ಕೂತಲ್ಲೇ. ಬ್ಯಾಡಗಿಯಲ್ಲಿ ಅವರ ಸಭೆಯವರಿಗೆ ಮಣ್ಣು ಮಾಡುವ ಜಾಗವಿರಲಿಲ್ಲ. ಬೇರೆ ಊರಿನ ಹಳೆಯ ಚರ್ಚೊಂದರ ಸ್ಮಶಾನಕ್ಕೆ ಕೇಳಿದರೆ, ನೀವು ನಮ್ಮ ಚರ್ಚಿನ ಸದಸ್ಯರಲ್ಲ ಎಂಬ ಉತ್ತರ ಬಂತು. ಮಧ್ಯಾಹ್ನವಾದರೂ ಪಾಸ್ಟರರು ಹೆಂಡತಿಯ ಕಾಲ ಬಳಿ ಕೂತೇ ಇದ್ದರು. ಅವರ ಬಗ್ಗಿದ ಬೆನ್ನು ನೋಡಲಾಗದೆ ನಾನು ನಮ್ಮ ಜಮಾತಿನ ಹಿರಿಯರ ಬಳಿ ಹೋದೆ. ಅವರು ಬಹಳ ಹೊತ್ತು ಗಡ್ಡ ನೀವಿಕೊಂಡರು.

"ಕಬರಸ್ತಾನದ ಒಳಗ ಬರೂದಿಲ್ಲ, ಮಾಸ್ತರ್. ಆದ್ರ ಹಿಂದಿನ ಗ್ವಾಡಿಗೆ ಹತ್ತಿ ಬೇವಿನ ಗಿಡ ಐತೆಲ್ಲ, ಆ ಪಟ್ಟಿ ಜಾಗಾ ಜಮಾತಿಂದು. ಇನ್ನೂ ಕಂಪೌಂಡ್ ಹಾಕಿಲ್ಲ. ಅಲ್ಲಿ ಮಾಡ್ರಿ. ನಮ್ಮ ಓಣಿ ಹೆಣ್ಣಮಗಳು ಆಕಿ."

ಗುಂಡಿ ತೋಡಿದವರು ನಮ್ಮವರೇ. ಪೆಟ್ಟಿಗೆಯನ್ನು ನಮ್ಮ ಜನಾಜಾದ ರೂಢಿಯಂತೆ ಹತ್ತು ಹತ್ತು ಹೆಜ್ಜೆಗೆ ಹೆಗಲು ಬದಲಿಸುತ್ತ ಒಯ್ದೆವು. ಪಾಸ್ಟರರು ತಾವೇ ಬೈಬಲ್ ಓದಿ, ತಾವೇ ಹಾಡು ಶುರುಮಾಡಿದರು. ಎರಡನೆಯ ಸಾಲಿಗೆ ತಾಳ ತಪ್ಪಿತು. ತಿದ್ದುವವರು ಪೆಟ್ಟಿಗೆಯೊಳಗಿದ್ದರು. ಅವರು ಅಲ್ಲಿಗೇ ನಿಲ್ಲಿಸಿ ಮೊದಲಿನಿಂದ ಹಾಡಿದರು. ನಾನು ಅವತ್ತು ಅತ್ತಷ್ಟು ಅಪ್ಪ ಸತ್ತಾಗಲೂ ಅತ್ತಿರಲಿಲ್ಲ.

ಇನ್ನು ನಮ್ಮ ತಪ್ಪಿನ ಸಂಗತಿ. ನಲವತ್ತನೆಯ ದಿನ ಹತ್ತಿರ ಬಂದಾಗ ಅವ್ವ ಚಡಪಡಿಸತೊಡಗಿದಳು. ನಮ್ಮಲ್ಲಿ ಸತ್ತವರ ನಲವತ್ತರ ದಿನ ಅವರ ಹೆಸರಿನಲ್ಲಿ ದೇವರನ್ನು ಬೇಡಿಕೊಳ್ಳುವ ಫಾತಿಹಾ ಓದಿಸುತ್ತೇವೆ. "ಮಕ್ಕಳಿಲ್ಲ ಮರಿಯಿಲ್ಲ ಆಕಿಗೆ. ಆಕಿ ಹೆಸರೀಲೆ ಓದಿಸವರು ಯಾರದಾರ? ನಾವ ಓದಿಸೂಣು."

"ಪಾಸ್ಟರರನ್ನ ಒಂದ ಮಾತು ಕೇಳ್ಲೇನು?" ಎಂದೆ.

"ಕೇಳಿದ್ರ ಬ್ಯಾಡ ಅಂತಾನ. ಕೇಳಬ್ಯಾಡ."

ನಾನು ಕೇಳಲಿಲ್ಲ. ಬೇಡ ಅನ್ನುತ್ತಾರೆಂದು ಗೊತ್ತಿದ್ದುದಕ್ಕೇ ಕೇಳಲಿಲ್ಲ. ಬೋಗುಣಿ ತಿರುಗಿ ತಂದು ಹೊಸ್ತಿಲಲ್ಲಿ ನಿಂತ ಮನುಷ್ಯನನ್ನು ನೋಡಿಯೂ ಕೇಳಲಿಲ್ಲ. ಅವ್ವ ಓದುಬರಹವಿಲ್ಲದವಳು, ಪ್ರೀತಿಯಲ್ಲಿ ಮಾಡಿದಳು. ನಾನು ಓದಿದವನು, ಅವಳ ಹಿಂದೆ ಬಚ್ಚಿಟ್ಟುಕೊಂಡೆ.

ಚಪಾತಿ ಪುಡಿಗೆ ಬೆಲ್ಲ ಹಾಕಿದ ಮಾಲೀದಾ, ಹೂವಿನ ಚಾದರ, ಊದುಬತ್ತಿ ತೆಗೆದುಕೊಂಡು, ಮುಲ್ಲಾ ಒಬ್ಬರನ್ನು ಕರೆದುಕೊಂಡು ಹೋಗಿ ಬೇವಿನ ಗಿಡದ ಕೆಳಗೆ ಫಾತಿಹಾ ಓದಿಸಿದೆ. ಓದುತ್ತಿರುವಾಗ ಪಾಸ್ಟರರು ಬಂದರು. ದಿನಾ ಆ ಹೊತ್ತಿಗೆ ಬರುತ್ತಿದ್ದರೆಂದು ನನಗೆ ಹೊಳೆದೇ ಇರಲಿಲ್ಲ. ದೂರದಲ್ಲಿ ಚಪ್ಪಲಿ ಬಿಟ್ಟು, ಮುಗಿಯುವವರೆಗೆ ತಲೆ ತಗ್ಗಿಸಿ ನಿಂತರು. ಮಾಲೀದಾ ಕೊಟ್ಟರೆ ಕೈಯೊಡ್ಡಿ ತೆಗೆದುಕೊಂಡರು, ಬಾಯಿಗೆ ಹಾಕಲಿಲ್ಲ. ಮನೆ ಮುಟ್ಟುವವರೆಗೂ ಆ ಮುಷ್ಟಿ ಹಾಗೇ ಇತ್ತು.

ಮರುದಿನ ಬೆಳಿಗ್ಗೆ ನನ್ನನ್ನು ಒಬ್ಬನನ್ನೇ ಕರೆದು ಹೇಳಿದರು. "ತೀರಿಕೊಂಡವರ ಸಲುವಾಗಿ ನಾವು ಬೇಡಿಕೊಳ್ಳೂದಿಲ್ರಿ. ಆಕಿ ಈಗ ದೇವರ ಹತ್ರ ಅದಾಳ, ನಾವು ಬೇಡೂದು ಏನೂ ಉಳದಿಲ್ಲ ಅಂತ ನಂಬಿದವ ನಾ. ನಿಮ್ಮ ತಾಯಿಗೆ ಇದನ್ನ ಹೇಳಬ್ಯಾಡ್ರಿ, ಬ್ಯಾಸರ ಮಾಡಿಕೊಳ್ತಾರ. ಮುಂದ ಮಾತ್ರ ಬ್ಯಾಡ್ರಿ." ಆಮೇಲೆ, "ಕೇಳಿದ್ರ ಬ್ಯಾಡ ಅಂತಿದ್ದೆ, ಹೌದಲ್ಲ?" ಎಂದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಆ ಭಾನುವಾರ ಅವರ ಸಭೆಯವರು ಸಮಾಧಿ ನೋಡಲು ಹೋದರು. ಚಾದರ ಬಾಡಿತ್ತು, ಊದುಬತ್ತಿಯ ಕಡ್ಡಿಗಳು ಇನ್ನೂ ನೆಟ್ಟಿದ್ದವು. ಪಾಸ್ಟರರು ಹೆಂಡತಿಗೆ ಫಾತಿಹಾ ಓದಿಸಿದರಂತೆ ಎಂಬ ಮಾತು ವಾರದೊಳಗೆ ರಾಣೆಬೆನ್ನೂರು ಮುಟ್ಟಿತು. ಸಂಘದ ಹಿರಿಯರು ಕಾರು ಮಾಡಿಕೊಂಡು ಬಂದರು. ಬಂದವರಿಗೆ ಚಹಾ ಮಾಡಿಕೊಡಲು ಆ ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ನನ್ನ ಹೆಂಡತಿ ಮಾಡಿದಳು, ನಾನು ಒಯ್ದೆ.

ಹಿರಿಯರು ಕೆಟ್ಟವರಲ್ಲ. ಮೆತ್ತಗೆ, ದುಃಖದಿಂದಲೇ ಮಾತಾಡುತ್ತಿದ್ದರು. "ನೀವು ಮಾಡಿಸಿದ್ದಲ್ಲ ಅಂತ ನನಗ ಅನಸ್ತದ. ಹಂಗಂತ ಒಂದ ಕಾಗದ ಬರದು ಕೊಡ್ರಿ. ಮುಸಲ್ಮಾನರು ನಿಮ್ಮನ್ನ ಕೇಳದ ಮಾಡಿದ್ರು ಅಂತ ಇಷ್ಟ. ಸಭೆಯೊಳಗ ಓದಿ ಮುಗಸ್ತೀನಿ."

ನಾನು ಚಹಾದ ತಾಟು ಹಿಡಿದು ನಿಂತಿದ್ದೆ. ಪಾಸ್ಟರರು ನನ್ನತ್ತ ನೋಡಲಿಲ್ಲ.

"ಬರದು ಕೊಡೂದಿಲ್ರಿ" ಎಂದರು. "ಆ ಕಾಗದ ಸಭೆಯೊಳಗ ಉಳಿಯೂದಿಲ್ಲ. ಮುಸಲ್ಮಾನರು ಹಿಂಗ ಮಾಡಿದ್ರಂತ ಅಂತ ನಾಕು ಊರು ತಿರುಗತದ. ನನ್ನ ಹೇಂತಿಗೆ ಮಲಗಾಕ ಜಾಗ ಕೊಟ್ಟವರ ಮ್ಯಾಲೆ ನಾ ತಕರಾರು ಬರಿಯೂದಿಲ್ಲ."

"ಹಂಗಾದ್ರ ನೀವು ಮಾಡಿಸಿದ್ದು ಅಂತ ಆಗತದ."

"ನಾ ಮಾಡಿಸಿಲ್ಲ. ಅದನ್ನ ಬಾಯಿಲೆ ಹೇಳೇನಿ. ಯಾರು ಮಾಡಿದ್ರು ಅಂತ ಮಾತ್ರ ಹೇಳೂದಿಲ್ಲ."

ಆ ಕ್ಷಣದಲ್ಲಿ ನಾನು ಬಾಯಿ ಬಿಡಬೇಕಿತ್ತು. ಮಾಡಿದವನು ನಾನು, ಅವರಿಗೆ ಗೊತ್ತಿರಲಿಲ್ಲ, ಅಷ್ಟು ಹೇಳಿದ್ದರೆ ಸಾಕಿತ್ತು. ನಾನೇ ಹೇಳಿದ್ದರೆ ಅದು ತಕರಾರು ಆಗುತ್ತಿರಲಿಲ್ಲ, ಒಪ್ಪಿಗೆಯಾಗುತ್ತಿತ್ತು. ಆದರೆ ಆಗಿನ ದಿನಗಳಲ್ಲಿ ಊರೂರಲ್ಲಿ ಮತಾಂತರದ ಗದ್ದಲ. ಪಾಸ್ಟರರ ಮನೆಗೂ ಮಾಸ್ತರನಿಗೂ ಏನು ಸಂಬಂಧ ಎಂದು ಯಾರಾದರೂ ಶಾಲೆಗೆ ಅರ್ಜಿ ಬರೆದರೆ ಎಂಬ ಹೆದರಿಕೆ. ನಮ್ಮ ಜಮಾತಿನಲ್ಲೂ, ಕಿರಿಸ್ತಾನರಿಗೆ ಫಾತಿಹಾ ಯಾಕೆ ಓದಿಸಿದೆ ಎನ್ನುವವರು ಇದ್ದರು. ಪಾಸ್ಟರರು ಕಣ್ಣಿನಲ್ಲೇ ಬೇಡವೆಂದು ಸನ್ನೆ ಮಾಡಿದರು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸನ್ನೆ ಗಿನ್ನೆ ಏನೂ ಮಾಡಿರಲಿಲ್ಲ. ನಾನು ತಾಟು ಇಟ್ಟು ಹೊರಗೆ ಬಂದೆ.

ಸಂಘದವರು ಅವರಿಗೆ ಬೋಧನೆ ಮಾಡಬಾರದೆಂದು ಹೇಳಿದರು. ವಿಶ್ವಾಸಿಗಳಿಗೆಲ್ಲ ರಾಣೆಬೆನ್ನೂರಿನ ಸಭೆಗೇ ಬರಲು ತಿಳಿಸಿದರು. ಬ್ಯಾಡಗಿಯ ಸಭೆ ಮುಚ್ಚಿತು, ಪಾಸ್ಟರರು ಮಾತ್ರ ಮನೆ ಬಿಡಲಿಲ್ಲ. ಹೆಂಡತಿ ಇಲ್ಲಿದ್ದಾಳಲ್ಲ ಎನ್ನುತ್ತಿದ್ದರು. ಊರಲ್ಲಿ ನಾಲ್ಕು ಜನಕ್ಕೆ ಅರ್ಜಿ ಬರೆದುಕೊಡುತ್ತ, ಒಂದು ಅಂಗಡಿಯಲ್ಲಿ ಕೂತು ಕಾಗದಪತ್ರ ನೋಡಿಕೊಳ್ಳುತ್ತ ದಿನ ನೂಕಿದರು. ಹೊರಗಿನಿಂದ ಬಂದು ಬೀಗ ತೆಗೆದು, ಖಾಲಿ ಮನೆಗೆ "ಬಂದೆ" ಎಂದು ಹೇಳಿ ಒಳಗೆ ಹೋಗುತ್ತಿದ್ದರು. ಅದು ಗೋಡೆಯಾಚೆಯಿಂದ ನಮಗೆ ದಿನಾ ಕೇಳುತ್ತಿತ್ತು.

ಭಾನುವಾರ ಬಂತೆಂದರೆ ಪಡಸಾಲೆ ಗುಡಿಸಿ ಸಭೆಗೆಂದು ಇಟ್ಟಿದ್ದ ಐದೂ ಚಾಪೆ ಹಾಸುತ್ತಿದ್ದರು. ಬಾಗಿಲು ತೆರೆದಿಡುತ್ತಿದ್ದರು. ಒಬ್ಬರೇ ಹಾಡುತ್ತಿದ್ದರು, ಒಂದು ಅಧ್ಯಾಯ ಗಟ್ಟಿಯಾಗಿ ಓದಿ ನಿಲ್ಲಿಸುತ್ತಿದ್ದರು. ಬೋಧನೆ ಮಾಡುತ್ತಿರಲಿಲ್ಲ. ಮಾಡಬಾರದು ಎಂದಿದ್ದರಲ್ಲ, ಅದಕ್ಕೆ ಖಾಲಿ ಚಾಪೆಗಳಿಗೂ ಮಾಡಲಿಲ್ಲ. "ಹೋಗಿ ಒಂದ ತಾಸು ಕುಂತು ಬಾರೋ, ಮನುಷ್ಯಾ ಹುಚ್ಚಾಗತಾನ" ಎಂದು ಅವ್ವ ಬೈಯುತ್ತಿದ್ದಳು. ಸಭೆ ಯಾಕೆ ಮುಚ್ಚಿತೆಂದು ಅವಳಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಅವರು ಹೇಳಬೇಡ ಎಂದಿದ್ದರು, ನನಗೂ ಹೇಳುವ ಮುಖವಿರಲಿಲ್ಲ. ನಾನು ಹೋಗಿ ಕೂಡಲೂ ಇಲ್ಲ.

ಮರುವರ್ಷ ಅವ್ವ ತೀರಿಕೊಂಡಳು. ಜನ ಸೇರುವ ಮೊದಲೇ ಪಾಸ್ಟರರು ಬಂದರು. ಅವಳ ಮುಖ ನೋಡಿ, ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದರು. "ನಿಮ್ಮ ಪದ್ಧತಿಯೊಳಗ ನಾ ಏನ್ ಮಾಡಬಹುದು, ಏನ್ ಮಾಡಬಾರದು, ಹೇಳ್ರಿ. ನನಗ ಗೊತ್ತಿಲ್ಲ" ಎಂದರು.

ಕೇಳಿದರು. ತಾಯಿಯಂಥವಳು ಸತ್ತ ಹೊತ್ತಿನಲ್ಲೂ ಕೇಳಿದರು. ನಾನು ಅವರ ಹೆಗಲ ಮೇಲೆ ತಲೆಯಿಟ್ಟು ಅತ್ತೆ. ಅವ್ವನಿಗಾಗಿ ಅಳುತ್ತಿದ್ದೇನೆ ಎಂದುಕೊಂಡು ಅವರು ಬೆನ್ನು ಸವರಿದರು.

ಆಮೇಲೆ ಅವರ ಕಣ್ಣು ಮಂಜಾಯಿತು, ಕಾಲು ಬಾತವು. ಅಣ್ಣನ ಮಕ್ಕಳು ಬಂದು ಐರಣಿಗೆ ಕರೆದೊಯ್ದರು. ಆ ಮನೆಯವರಲ್ಲಿ ಇವರೊಬ್ಬರೇ ಯೇಸುವಿನ ಕಡೆ ಬಂದವರು. ಹೊರಡುವ ದಿನ ಚಾಪೆಗಳನ್ನು ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟು, "ಯಾರಾದ್ರೂ ಕೇಳಿದ್ರ ಕೊಡ್ರಿ" ಎಂದರು. ಯಾರೂ ಕೇಳಿ ಬರಲಿಲ್ಲ. ಬ್ಯಾಡಗಿಯಿಂದ ಐರಣಿ ಎಷ್ಟು ದೂರ? ನಾನು ಒಮ್ಮೆಯೂ ಹೋಗಲಿಲ್ಲ. ಹೋದರೆ ಆ ಮಾತು ಬಂದೀತು ಎಂಬ ಅಂಜಿಕೆ. ಬಂದಿದ್ದರೆ ಅವರು ಅದನ್ನು ಬೇರೆ ಕಡೆ ಹೊರಳಿಸುತ್ತಿದ್ದರು ಎಂಬುದೂ ನನಗೆ ಗೊತ್ತಿತ್ತು.

ಫೋನು ಬಂದ ಮರುದಿನ ಶಾಲೆಗೆ ರಜೆ ಹಾಕಿದೆ. ಬೆಳಿಗ್ಗೆ ಕೂತು ಒಂದು ಕಾಗದ ಬರೆದೆ. ಫಾತಿಹಾ ಓದಿಸಿದವನು ನಾನು, ಪಾಸ್ಟರರನ್ನು ಕೇಳಿರಲಿಲ್ಲ, ಕೇಳಿದರೆ ಬೇಡ ಅನ್ನುತ್ತಾರೆಂದು ಗೊತ್ತಿದ್ದೇ ಕೇಳಿರಲಿಲ್ಲ. ನಾಲ್ಕೇ ಸಾಲು. ಇಷ್ಟು ವರ್ಷ ನನ್ನಿಂದ ಬರೆಯಲಾಗದ್ದು ಐದು ನಿಮಿಷದಲ್ಲಿ ಮುಗಿಯಿತು. ಕೆಳಗೆ 'ಶಾಲೆಯ ಮಾಸ್ತರ, ಬ್ಯಾಡಗಿ' ಎಂದು ಸಹಿ ಮಾಡಿ ರಾಣೆಬೆನ್ನೂರಿನ ಬಸ್ಸು ಹತ್ತಿದೆ.

ಅವತ್ತು ಕಾರಿನಲ್ಲಿ ಬಂದಿದ್ದ ಸಂಘದ ಹಿರಿಯರಿಗೆ ವಯಸ್ಸಾಗಿತ್ತು. ನನ್ನ ಗುರುತು ಹತ್ತಲಿಲ್ಲ. ನಾನು ಕಾಗದ ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಒಮ್ಮೆ ಓದಿದರು, ತೆಗೆದು ಒರೆಸಿಕೊಂಡು ಇನ್ನೊಮ್ಮೆ ಓದಿದರು.

"ಇಷ್ಟ ಸಾಕಿತ್ತಲ್ರಿ ಮಾಸ್ತರ್" ಎಂದರು. "ಇಷ್ಟ ಕೇಳಿದ್ದೆ ನಾ ಅವರಿಗೆ."

ಒಳಗಿನ ಕೋಣೆಯ ಕಡೆ ತಿರುಗಿ ಅಂಗಿ ತರಲು ಹೇಳಿದರು. ಎದ್ದು ನಿಂತು ಚಪ್ಪಲಿ ಹುಡುಕತೊಡಗಿದರು. "ಎಲ್ಲಿದಾರ ಈಗ ಅವರು? ನಡೀರಿ, ಇವತ್ತ ಹೋಗಿ ನಾನ ಕ್ಷಮಾ ಕೇಳಿ ಕರಕೊಂಡು ಬರ್ತೀನಿ" ಎಂದರು.

ಕಾಗದದಲ್ಲಿ ನಾನು ಸಾವಿನ ಸುದ್ದಿ ಬರೆದಿರಲಿಲ್ಲ.